ಹೊಲಕ್ಕೆ ಹೋಗುವವನು ಸಂಗಡ ಒಯ್ಯತಕ್ಕ ಆಪತ್ಕಾಲದ ಸಾಮಾನುಗಳು

ಬೇಸಾಯಗಾರನಿಗೆ ಅಪಾಯವು ಒದಗುವುದು ಬಹುಮಟ್ಟಿಗೆ ಮನೆಯಿಂದ ದೂರದಲ್ಲಿ, ಕೂಗಿದರೆ ಓಗೊಡುವವರಿಲ್ಲದ ವೇಳೆಯಲ್ಲಿ. ಮನೆಯ ಅಟ್ಟದ ಮೇಲೆ ಎಷ್ಟು ಉತ್ತಮವಾದ ಸಲಕರಣೆಗಳಿದ್ದರೂ ಆ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಅವನ ಕೈಯಲ್ಲಿಯೋ ಸೊಂಟದಲ್ಲಿಯೋ ಇರುವ ವಸ್ತು ಮಾತ್ರ. ಇಂತಹ ವಸ್ತುಗಳು ನಾಲ್ಕೈದಕ್ಕಿಂತ ಹೆಚ್ಚಿರಬೇಕಾದುದಿಲ್ಲ. ಆದರೆ ಇರುವಷ್ಟು ವಸ್ತುಗಳು ಗಟ್ಟಿಯಾಗಿರಬೇಕು, ಮತ್ತು ಪ್ರತಿನಿತ್ಯವೂ ಸಂಗಡ ಹೊರಡುವಂತಿರಬೇಕು. ಭಾರವಾದದ್ದನ್ನು ರೈತನು ಮೂರನೆಯ ದಿನವೇ ಮನೆಯಲ್ಲಿ ಬಿಟ್ಟುಹೋಗುವನು.

ಮೊದಲು ಹೇಳಬೇಕಾದುದು ಬೆಳಕಿನ ವಿಷಯ. ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ದೊರೆಯುವ ಊರುಗಳಲ್ಲಿ ರೈತನು ಕತ್ತಲೆಯಲ್ಲಿ ಬದುವಿನ ಮೇಲೆ ನಡೆದು ಹೋಗದೆ ಗತ್ಯಂತರವಿಲ್ಲ. ಬದುವೇ ಹಾವಿನ ದಾರಿ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು, ಮಡಿದರೆಂದು ವಿದ್ವಾಂಸರು ಗಣಿಸಿರುತ್ತಾರೆ. ಇವರಲ್ಲಿ ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರಿನ ಮಳೆಗಾಲದಲ್ಲಿ ಸಂಭವಿಸಿದವು. ಕಡಿತವು ಹೆಚ್ಚಾಗಿ ಬೀಳುವುದು ಕಾಲಿನ ಮೇಲೆ. ಆದುದರಿಂದ ಹಿಮ್ಮಡಿಯನ್ನೂ ಕಣಕಾಲನ್ನೂ ಮುಚ್ಚುವ ಗಟ್ಟಿಯಾದ ಪಾದರಕ್ಷೆ, ಕೈಯಲ್ಲಿ ಒಂದು ಕೋಲು, ಹೆಜ್ಜೆಯ ಮುಂದೆ ಬೀಳುವ ಬೆಳಕು, ಈ ಮೂರನ್ನು ಕೊಂಡುಕೊಳ್ಳದೆ ಬೇರೆ ಯಾವುದಕ್ಕೂ ಹಣವನ್ನು ವೆಚ್ಚಮಾಡಬಾರದು.

ನಮ್ಮ ಹಳ್ಳಿಗಳಲ್ಲಿ ಬ್ಯಾಟರಿಯೆಂದೇ ಹೆಸರಾಗಿರುವ ಟಾರ್ಚನ್ನು ಆರಿಸುವಾಗ ಜನರು ಅದನ್ನು ದೂರದ ಮರದ ಮೇಲೆ ಬಿಟ್ಟು ನೋಡಿ, ಬೆಳಕು ಎಷ್ಟು ದೂರ ಹೋಯಿತೆಂದು ಮೆಚ್ಚಿಕೊಳ್ಳುವ ವಾಡಿಕೆಯುಂಟು. ಕಾಡುಹಂದಿಯನ್ನು ಕಾಯುವವನಿಗೆ ಅದು ಸರಿಯೇ. ನಡೆಯುವವನಿಗಾದರೋ ಆರೇಳು ಅಡಿಯ ಮುಂದೆ ಅಗಲವಾಗಿ ಹರಡುವ ಬೆಳಕು ಬೇಕು. ಸೂಜಿಯಂತೆ ಕಿರಿದಾದ ಬೆಳಕಿನಲ್ಲಿ ಬದುವಿನ ಪಕ್ಕದ ಹುಲ್ಲು ಕಾಣುವುದಿಲ್ಲ. ಗಾಜಿನ ಮುಚ್ಚಳವನ್ನೂ ಹಿಂದಿನ ಬಿರಡೆಯನ್ನೂ ತಿರುಗಿಸಿ ತೆಗೆದು, ಒಳಗೆ ರಬ್ಬರಿನ ಉಂಗುರವಿದೆಯೇ ಎಂದು ನೋಡತಕ್ಕದ್ದು. ಉಂಗುರವಿಲ್ಲದ ಟಾರ್ಚು ಮೊದಲನೆಯ ಜಡಿಮಳೆಯಲ್ಲಿಯೇ ಕೆಡುವುದು. ಕೆಲವು ಟಾರ್ಚುಗಳ ಮೇಲೆ ಐ.ಪಿ. 67 ಎಂಬ ಗುರುತಿರುತ್ತದೆ: ಧೂಳು ಒಳಹೊಗುವುದಿಲ್ಲವೆಂದೂ, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆಯವರೆಗೆ ಮುಳುಗಿದರೂ ಕೆಡದೆಂದೂ ಅದರ ಅರ್ಥ.

ಒಣ ಸೆಲ್ಲಿನದೋ, ಚಾರ್ಜು ಮಾಡುವುದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿತ್ಯವೂ ಬಳಸುವವನಿಗೆ ಚಾರ್ಜಿನ ಟಾರ್ಚು ಅಗ್ಗವಾಗಿ ಪರಿಣಮಿಸುವುದು. ಆದರೆ ಗಾಳಿಮಳೆಯಿಂದ ಎರಡು ಮೂರು ದಿನ ವಿದ್ಯುತ್ತು ನಿಂತುಹೋದಾಗ ಅದು ಬರಿಯ ಕೊಳವೆ. ಸೆಲ್ಲಾದರೋ ಊರಿನ ಅಂಗಡಿಯಲ್ಲಿ ಸಿಕ್ಕುವುದು. ಮನೆಯಲ್ಲಿ ಎರಡು ಬಗೆಯವೂ ಇದ್ದರೆ ಒಳ್ಳೆಯದು. ಅಗ್ಗದ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ವಿದ್ಯುತ್ತನ್ನು ಕೊಡುತ್ತಾ ಸವೆಯುವುದರಿಂದ, ಮುಗಿದ ಸೆಲ್ಲನ್ನು ಒಳಗೇ ಬಿಟ್ಟರೆ ಡಬ್ಬಿ ತೂತಾಗಿ ರಸ ಸೋರಿ ಟಾರ್ಚನ್ನು ತಿಂದುಬಿಡುತ್ತದೆ. ಹಳೆಯ ಸೆಲ್ಲಿನ ಸಂಗಡ ಹೊಸದನ್ನು ಕೂಡಿಸುವುದರಿಂದಲೂ ಇದೇ ನಷ್ಟ. ಕೈಯಲ್ಲಿರುವ ಮೊಬೈಲಿನ ಬೆಳಕೇ ಸಾಲದೇ ಎಂದು ಕೇಳುವವರುಂಟು. ಸಾಲದು. ದಾರಿ ನೋಡುತ್ತಾ ಮೊಬೈಲಿನ ಶಕ್ತಿ ಮುಗಿದರೆ, 108ಕ್ಕೆ ಕರೆಮಾಡಬೇಕಾದಾಗ ಅದು ಮೂಕವಾಗಿರುವುದು.

ಸಂಗಡ ಒಯ್ಯಬಾರದ ಸಾಮಾನಿನ ವಿಷಯವನ್ನೂ ಇಲ್ಲಿಯೇ ಹೇಳುವುದು ಉಚಿತ. 1904ರಲ್ಲಿ ಲಾಡರ್ ಬ್ರಂಟನ್, ಜೋಸೆಫ್ ಫೇರರ್, ಲಿಯೊನಾರ್ಡ್ ರೋಜರ್ಸ್ ಎಂಬ ಮೂವರು ಪ್ರಸಿದ್ಧ ವೈದ್ಯರು, ಹಾವು ಕಚ್ಚಿದ ಜಾಗವನ್ನು ಸೀಳಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳನ್ನು ತಿಕ್ಕಿದರೆ ವಿಷವು ನಾಶವಾಗುವುದೆಂದು ಪ್ರಕಟಿಸಿದರು. ಒಂದು ತುದಿಯಲ್ಲಿ ಸಣ್ಣ ಅಲಗು, ಮತ್ತೊಂದು ತುದಿಯಲ್ಲಿ ಹರಳುಗಳಿದ್ದ, ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕ ಮರದ ಕೊಳವೆಯು ಭಾರತದಲ್ಲಿ ಬಹಳವಾಗಿ ಹಂಚಲ್ಪಟ್ಟಿತು. ಅದರಿಂದ ವಿಷವು ಇಳಿಯುವುದಿಲ್ಲವೆಂದೂ ಮಾಂಸವು ಸುಟ್ಟು ಕೊಳೆಯುವುದೆಂದೂ ಆಮೇಲೆ ಗೊತ್ತಾಯಿತು. ಆ ಕೊಳವೆ ಈಗ ಹೋಗಿದ್ದರೂ, ವಿಷವನ್ನು ಹೀರುವ ರಬ್ಬರಿನ ಬಟ್ಟಲುಗಳೂ ಬಿಗಿಯುವ ಪಟ್ಟಿಗಳೂ ಅದರ ಸಂತತಿಯಾಗಿ ಇನ್ನೂ ಮಾರಾಟವಾಗುತ್ತಿವೆ. ಇವುಗಳನ್ನು ಕೊಳ್ಳಕೂಡದು. ಅಗಲವಾದ ಎರಡು ಬಟ್ಟೆ ಮತ್ತು ಕೈಯಲ್ಲಿರುವ ಕೋಲು ಸಾಕು: ಮೂಳೆ ಮುರಿದ ಕಾಲಿಗೆ ಮಾಡುವಂತೆ, ಕಚ್ಚಿಸಿಕೊಂಡ ಕಾಲನ್ನು ಕೋಲಿಗೆ ಸೇರಿಸಿ ಸಡಿಲವಾಗಿ ಕಟ್ಟಿ, ಅಲುಗಾಡಿಸದೆ, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಕಾಲುಂಗುರ, ಕಡಗಗಳನ್ನು ಬಾವು ಏರುವ ಮೊದಲೇ ತೆಗೆಯತಕ್ಕದ್ದು. ಪ್ರತಿವಿಷವೊಂದೇ ಔಷಧ, ಅದು ಕೈಚೀಲದಲ್ಲಿ ಇಡುವ ವಸ್ತುವಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ವ್ಯಾಧಿಗಳಲ್ಲಿ ಸೇರಿಸಿರುತ್ತದೆ.

ಕತ್ತಿಯ ವಿಷಯಕ್ಕೆ ಬರೋಣ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಸೊಂಟಕ್ಕೆ ಮರದ ಕೊಕ್ಕೆಯನ್ನು ಕಟ್ಟಿ ಅದರಲ್ಲಿ ಕತ್ತಿಯನ್ನು ಸಿಕ್ಕಿಸಿಕೊಂಡು ಹೊರಡುವ ಪದ್ಧತಿಯುಂಟು. ಇದಕ್ಕಿಂತ ಉತ್ತಮವಾದ ಏರ್ಪಾಡನ್ನು ಯಾವ ಪೇಟೆಯ ಅಂಗಡಿಯೂ ಇನ್ನೂ ತೋರಿಸಿಲ್ಲ. ಬಯಲುಸೀಮೆಯವರಿಗೆ ಕುಡುಗೋಲಾದರೂ, ಒರೆಯಿರುವ ಚೂರಿಯಾದರೂ ಇರಲಿ. ಎತ್ತು ಹಳ್ಳದಲ್ಲಿ ಜಾರಿ ಕೊರಳಿನ ಹಗ್ಗ ಬಿಗಿದಾಗ, ಕೊಟ್ಟಿಗೆಗೆ ಬೆಂಕಿ ಹತ್ತಿ ಕಟ್ಟಿದ ದನವನ್ನು ಬಿಡಿಸಬೇಕಾದಾಗ, ಗಂಟು ಬಿಚ್ಚುವುದಕ್ಕೆ ಅವಕಾಶವಿರುವುದಿಲ್ಲ. ಹೊಳೆಯುವ ತುಕ್ಕುಹಿಡಿಯದ ಉಕ್ಕಿನ ಅಲಗು ನೋಟಕ್ಕೆ ಚೆನ್ನ. ಆದರೆ ಅಗ್ಗದವುಗಳಲ್ಲಿ ಉಕ್ಕು ಮೆದುವಾಗಿದ್ದು ಬೇಗನೆ ಮೊಂಡಾಗುತ್ತದೆ. ನಮ್ಮ ಕಮ್ಮಾರರು ಲಾರಿಯ ಹಳೆಯ ಪಟ್ಟಿಯಿಂದ ಬಡಿದುಕೊಡುವ ಅಲಗು ತುಕ್ಕು ಹಿಡಿಯುವುದಾದರೂ ಹೊಲದ ಕಲ್ಲಿನ ಮೇಲೆಯೇ ಮಸೆಯಲು ಬರುತ್ತದೆ. ಒರಸಿ ಎಣ್ಣೆ ಸವರಿದರೆ ಬಹುಕಾಲ ಬಾಳುತ್ತದೆ. ಅದರ ಬಾಯಿಯ ಮೇಲೆ ಅರವನ್ನು ಮೆಲ್ಲಗೆ ಎಳೆದಾಗ ಅರವು ಸುಲಭವಾಗಿ ಕಚ್ಚಿದರೆ ಹದ ಸಾಲದೆಂದು ತಿಳಿಯಬೇಕು. ಹಿಡಿಯೊಳಗೆ ಅಲಗಿನ ಬಾಲವು ಎಲ್ಲಿಯವರೆಗೆ ಹೋಗಿದೆಯೆಂದು ಕೇಳಿ ತಿಳಿದುಕೊಳ್ಳುವುದು ಮುಖ್ಯ. ಎರಡಂಗುಲ ಮಾತ್ರ ಹೊಕ್ಕಿರುವ ಕತ್ತಿಯು ಅವಸರದ ಹೊಡೆತದಲ್ಲಿಯೇ ಹಿಡಿಯಿಂದ ಕಳಚಿಕೊಳ್ಳುವುದು. ಹತ್ತು ಹದಿನೈದು ಉಪಕರಣಗಳನ್ನು ಒಂದರಲ್ಲಿಯೇ ಮಡಚಿಟ್ಟಿರುವ ಆಯುಧಗಳನ್ನು ಪೇಟೆಯವರು ಹೊಗಳುತ್ತಾರೆ. ಕೆಸರಾದ ಕೈಯಿಂದ, ಕತ್ತಲೆಯಲ್ಲಿ, ಅವುಗಳಲ್ಲಿ ಬೇಕಾದುದನ್ನು ಉಗುರಿನಿಂದ ಎಬ್ಬಿಸಿ ತೆಗೆಯುವುದು ಹೇಗೆಂಬುದನ್ನು ಕೊಳ್ಳುವವರೇ ಯೋಚಿಸಿ ನೋಡಲಿ.

ಹಗ್ಗವು ಐದಾರು ಮಾರು ಇದ್ದರೆ ಸಾಕು. ನೂಲಿನ ಹಗ್ಗ ಕೈಗೆ ಹಿತವಾದರೂ ಒದ್ದೆಯಾಗಿ ಬಿದ್ದಿದ್ದರೆ ಕೊಳೆಯುವುದು. ತೆಂಗಿನ ನಾರಿನದು ನೀರಿಗೆ ಅಂಜುವುದಿಲ್ಲ, ತೇಲುತ್ತದೆ; ಆದರೆ ಅದೇ ದಪ್ಪದ ನೈಲಾನಿನಷ್ಟು ಬಲವಿಲ್ಲ. ನೈಲಾನು ಎಳೆದಾಗ ಹಿಗ್ಗುವುದರಿಂದ ಹಠಾತ್ತಾದ ಜಗ್ಗನ್ನು ತಾಳಿಕೊಳ್ಳುತ್ತದೆ. ಅಂಗಡಿಗಳಲ್ಲಿ ನೈಲಾನೆಂದೇ ಕರೆದು ಮಾರುವ ಹಸಿರು, ನೀಲಿ ಹಗ್ಗಗಳಲ್ಲಿ ಅನೇಕವು ಪಾಲಿಪ್ರೊಪಿಲೀನಿನವು. ನೀರಿನ ಬೋಗುಣಿಯಲ್ಲಿ ಒಂದು ತುಂಡನ್ನು ಹಾಕಿದರೆ ಭೇದ ತಿಳಿಯುವುದು: ನೈಲಾನು ಮುಳುಗುವುದು, ಇದು ತೇಲುವುದು. ಹೊಳೆಯಲ್ಲಿ ಬಿದ್ದವನಿಗೆ ಎಸೆಯಲು ತೇಲುವುದೇ ಲೇಸು. ಆದರೆ ಬಿಸಿಲಿನಲ್ಲಿ ಬಿದ್ದಿದ್ದ ಪಾಲಿಪ್ರೊಪಿಲೀನಿನ ಹೊರ ಎಳೆಗಳು ಪುಡಿಯಾಗಿ ಉದುರತೊಡಗುತ್ತವೆ. ಅಂತಹ ಹಗ್ಗವನ್ನು ಮನುಷ್ಯನ ಭಾರಕ್ಕೆ ಸರ್ವಥಾ ನಂಬಕೂಡದು. ಯಾವ ಹಗ್ಗವಾದರೂ ಹುರಿಯನ್ನು ಬಿಚ್ಚಿ ಒಳಗೆ ನೋಡಿ ಪರೀಕ್ಷಿಸಬೇಕು; ಗಂಟು ಬಿದ್ದೆಡೆಯಲ್ಲಿ ಬಲವು ಅರ್ಧದವರೆಗೂ ಕುಗ್ಗಬಹುದೆಂಬುದನ್ನು ನೆನಪಿನಲ್ಲಿಡಬೇಕು.

ಮಿಕ್ಕವು ಸಣ್ಣ ಸಂಗತಿಗಳು. ಬಿಗಿಮುಚ್ಚಳದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಕೊರಳಿನ ದಾರದಲ್ಲಿ ಒಂದು ಸೀಟಿ: ಗಂಟಲು ಬತ್ತಿದವನೂ ಸೀಟಿಯನ್ನು ಊದಬಲ್ಲನು.

ಜಮೀನುದಾರರು ಈ ಸಾಮಾನುಗಳನ್ನು ತಮಗಾಗಿ ಮಾತ್ರ ಕೊಂಡರೆ ಪ್ರಯೋಜನವು ಅಲ್ಪವೇ. ರಾತ್ರಿ ನೀರು ತಿರುಗಿಸಲು ಹೋಗುವವನು ಬಹಳ ಕಡೆ ಆಳುಮಗನು. ಬರಿಗಾಲಿನಲ್ಲಿ ಹೋಗುವವನೂ ಅವನೇ. ಅವನ ಪಾದರಕ್ಷೆಗೂ ಟಾರ್ಚಿಗೂ ಆಗುವ ಹಣವನ್ನು ಕೂಲಿಯಲ್ಲಿ ಹಿಡಿಯದೆ, ನೇಗಿಲು ಗುದ್ದಲಿಗಳ ಲೆಕ್ಕದಲ್ಲಿ ಬರೆದುಕೊಳ್ಳುವುದು ನ್ಯಾಯ. ಊರಿನ ಮುಖಂಡರು ಮುಂಗಾರಿಗೆ ಮೊದಲು, ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷವು ರಾತ್ರಿಯ ಹೊತ್ತೂ ದೊರೆಯುವುದೆಂಬುದನ್ನು ಸ್ವತಃ ವಿಚಾರಿಸಿ, ಅದರ ಹೆಸರನ್ನೂ, ಊರಿನಲ್ಲಿ ವಾಹನವುಳ್ಳವರ ಸಂಖ್ಯೆಗಳನ್ನೂ, 108 ಮತ್ತು 112 ಎಂಬ ಸಂಖ್ಯೆಗಳನ್ನೂ ದಪ್ಪ ಅಕ್ಷರದಲ್ಲಿ ಬರೆಯಿಸಿ ಪ್ರತಿಯೊಂದು ಪಂಪುಮನೆಯ ಬಾಗಿಲ ಒಳಭಾಗಕ್ಕೆ ಅಂಟಿಸತಕ್ಕದ್ದು.