"ಬ್ಯಾಟರಿ ಹೋಗೇತ್ರಿ" ಅನ್ನುವ ಮೊದಲು

ಇನ್ವರ್ಟರ್ ಹಾಕಿಸಿ ಮೂರ್ನಾಲ್ಕು ವರ್ಷವಾದರೆ ಘಟಪ್ರಭೆಯ ದಂಡೆಯ ಊರುಗಳಲ್ಲಿ ಕೇಳುವ ಮಾತು ಒಂದೇ: "ಬ್ಯಾಟರಿ ಹೋಗೇತ್ರಿ. ಈ ಸಲ 150 ಬ್ಯಾಡ, 200 ಹಾಕ್ರಿ." ಬ್ಯಾಟರಿ ಸತ್ತಿದೆ ಎಂಬುದು ಇದರಲ್ಲಿನ ಮೊದಲ ನಂಬಿಕೆ. ದೊಡ್ಡದು ಹಾಕಿದರೆ ತೊಂದರೆ ತೀರಿತು ಎಂಬುದು ಎರಡನೆಯದು. ಎರಡನ್ನೂ ಪರೀಕ್ಷೆ ಮಾಡದೆ ಒಪ್ಪಬಾರದು.

ಹುಕ್ಕೇರಿ ತಾಲ್ಲೂಕಿಗೆ ಕರೆಂಟ್ ಕೊಡುವುದು 1969ರಲ್ಲಿ ಹುಟ್ಟಿದ ಅಲ್ಲಿಯದೇ ವಿದ್ಯುತ್ ಸಹಕಾರ ಸಂಘ. ಗೋಕಾಕ, ಮೂಡಲಗಿಗೆ ಹೆಸ್ಕಾಂ. ತಂತಿ ಯಾರದಾದರೂ ತೋಟದ ಮನೆಗಳ ಪಾಡು ಹೆಚ್ಚುಕಡಿಮೆ ಒಂದೇ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಆಯಿತು. ಊರೊಳಗಿನವರಿಗೆ ಅನುಕೂಲವಾಯಿತು, ಕಬ್ಬಿನ ನಡುವೆ ಮನೆ ಕಟ್ಟಿಕೊಂಡವರು ಪಂಪ್‌ಸೆಟ್ ಫೀಡರಿನಲ್ಲೇ ಉಳಿದರು. ಅಲ್ಲಿ ತ್ರೀಫೇಸ್ ಸಿಗುವುದು ದಿನಕ್ಕೆ 7 ತಾಸಿನ ಲೆಕ್ಕದಲ್ಲಿ. ಅಷ್ಟೂ ಪಂಪುಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ.

ಇನ್ವರ್ಟರ್ ಹಿಂದಿನ ಸಣ್ಣ ಸ್ವಿಚ್ಚು ಬಹಳ ಮಂದಿಯ ಕಣ್ಣಿಗೇ ಬಿದ್ದಿರುವುದಿಲ್ಲ. ಅದು 'ಯುಪಿಎಸ್' ಕಡೆಗಿದ್ದರೆ ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಂಬದಲ್ಲಿ ಕರೆಂಟ್ ಇದ್ದರೂ ಮನೆ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ, ಚಾರ್ಜ್ ಆಗುವುದಿಲ್ಲ. ಬೈಗುಳ ಮಾತ್ರ ಬ್ಯಾಟರಿಗೆ. ಕಂಪ್ಯೂಟರ್ ಇಲ್ಲದ ಮನೆಗೆ 'ಇಕೋ' ಅಥವಾ 'ನಾರ್ಮಲ್' ಸಾಕು. ಅದರಲ್ಲಿ ತೀರ ಕಡಿಮೆ ವೋಲ್ಟೇಜಿನಲ್ಲೂ ಚಾರ್ಜಿಂಗ್ ನಡೆಯುತ್ತದೆ.

ನನ್ನ ಲೆಕ್ಕದಲ್ಲಿ ಈ ಭಾಗದ ಬ್ಯಾಟರಿಗಳನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ಅರೆಹೊಟ್ಟೆ. ಪೂರ್ತಿ ತುಂಬದ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ವಾರಗಟ್ಟಲೆ ಹಾಗೇ ಬಿಟ್ಟರೆ ಮತ್ತೆ ಸುಲಭಕ್ಕೆ ಕರಗುವುದಿಲ್ಲ. ಹೊಸದನ್ನು ತರುವ ಮೊದಲು ಪೂರ್ತಿ ಚಾರ್ಜ್ ಮಾಡಿ ಆರು ಸೆಲ್ಲುಗಳಿಗೂ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಬೇಕು. ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1240ರ ಆಸುಪಾಸು ಬಂದರೆ ಅದು ಸತ್ತಿಲ್ಲ. ತಪ್ಪು ಲೋಡಿನದೋ ಟರ್ಮಿನಲ್ಲಿನ ಬಿಳಿ ಪುಡಿಯದೋ ಇರಬಹುದು. ಐದು ಸರಿಯಿದ್ದು ಒಂದು ಸೆಲ್ 1150ಕ್ಕೆ ಕುಸಿದಿದ್ದರೆ ಆ ಸೆಲ್ ಕೆಟ್ಟಿದೆ, ಬ್ಯಾಟರಿ ಬದಲಿಸಲೇಬೇಕು. ಆರೂ ಸಮನಾಗಿ ಕೆಳಗಿದ್ದರೆ ನಿಧಾನವಾದ ಪೂರ್ತಿ ಚಾರ್ಜಿಗೆ ಎಷ್ಟೋ ಬ್ಯಾಟರಿಗಳು ಚೇತರಿಸಿಕೊಳ್ಳುತ್ತವೆ. ಇಷ್ಟು ಪರೀಕ್ಷೆಗೆ ಅಂಗಡಿಯವನು ಬೇಸರಪಟ್ಟರೆ ಬೇರೆ ಅಂಗಡಿ ನೋಡಿ.

ಇನ್ನು 150, 200ರ ಮಾತು. ಡಬ್ಬದ ಮೇಲಿನ '150 ಎಎಚ್, ಸಿ20' ಎಂದರೆ ಏಳೂವರೆ ಆಂಪಿಯರಿನಂತೆ 20 ಗಂಟೆ. ಅದನ್ನು 12 ವೋಲ್ಟಿಗೆ ಗುಣಿಸಿ 1800 ವ್ಯಾಟ್‌ಅವರ್, ಎರಡು ಫ್ಯಾನು, ನಾಲ್ಕು ಬಲ್ಬು, ಒಂದು ಟಿವಿ ಸೇರಿ 280 ವ್ಯಾಟ್, ಆರು ತಾಸು ಗ್ಯಾರಂಟಿ ಎನ್ನುವವರಿದ್ದಾರೆ. ವೇಗವಾಗಿ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತ ಇಳಿಯುತ್ತದೆ, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. ಕೈಗೆ ಬರುವುದು ನಾಲ್ಕು ತಾಸಿನ ಹತ್ತಿರ. ಅದೇ ಲೋಡಿಗೆ 200 ಹಾಕಿದರೆ ಕೆಡುಕೇನಿಲ್ಲ. ಆದರೆ ದೊಡ್ಡದು ಬಂತೆಂದು ಫ್ರಿಜ್ಜೂ ಸೇರುತ್ತದೆ. ತೆಗೆದಷ್ಟನ್ನು ತುಂಬಬೇಕಲ್ಲ? ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಪಾಲು ಚಾರ್ಜಿಂಗ್ ಆಂಪಿಯರ್ ಬೇಕು. 10 ಆಂಪಿಯರ್ ಚಾರ್ಜರಿಗೆ ಬರಿದಾದ 200ರ ಬ್ಯಾಟರಿ ತುಂಬಲು ಒಂದು ಹಗಲು, ಒಂದು ರಾತ್ರಿ ಸಾಲದು. 7 ತಾಸಿನ ಫೀಡರಿನಲ್ಲಿ ಆ ಮಾತೇ ಇಲ್ಲ.

"ಟ್ರ್ಯಾಕ್ಟರ್ ಬ್ಯಾಟರಿ ಐತಿ, ಅದನ್ನ ಹಾಕಿದ್ರ ಆತು." ಮೂಡಲಗಿ ಕಡೆಯ ಮನೆಗಳಲ್ಲಿ ಇದು ಸಹಜ ಯೋಚನೆ, ಹಾಕಿದ ದಿನ ದೀಪವೂ ಉರಿಯುತ್ತದೆ. ಟ್ರ್ಯಾಕ್ಟರಿನದು ಎಂಜಿನ್ ಎಬ್ಬಿಸಲು ಕೆಲವೇ ಕ್ಷಣ ನೂರಾರು ಆಂಪಿಯರ್ ಕೊಡುವ ತೆಳು ಪ್ಲೇಟಿನ ಬ್ಯಾಟರಿ. ದಿನಾ ಆಳಕ್ಕೆ ಬರಿದು ಮಾಡಿದರೆ ಕೆಲವು ತಿಂಗಳಲ್ಲೇ ಮುಗಿಯುತ್ತದೆ. ಜೋಡಿ ಬ್ಯಾಟರಿಯ ಮನೆಗಳಲ್ಲಿ ಒಂದನ್ನಷ್ಟೇ ಬದಲಿಸುವುದೂ ಇದೇ ಜಾತಿಯ ಉಳಿತಾಯ: ಹಳೆಯದು ಬೇಗ ಬರಿದಾಗುತ್ತದೆ, ಚಾರ್ಜಿನಲ್ಲಿ ಪಾಲು ತಪ್ಪುತ್ತದೆ, ಹೊಸದೂ ಹಾಳಾಗುತ್ತದೆ.

ಮಟ್ಟ ಇಳಿದರೆ ಆಸಿಡ್ ಹಾಕಬೇಕೆಂಬುದು ಶುದ್ಧ ತಪ್ಪು. ಹೋಗಿರುವುದು ನೀರು, ಆಸಿಡ್ ಒಳಗೇ ಇದೆ. ಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಬೇಡ. ಊರಿನ ಶುದ್ಧ ನೀರಿನ ಘಟಕದ್ದೂ ಬೇಡ, ಕುಡಿಯಲು ಶುದ್ಧವಾದದ್ದರಲ್ಲೂ ಲವಣ ಉಳಿದಿರುತ್ತದೆ.

ನೆಲದ ಮೇಲಿಟ್ಟರೆ ಕರೆಂಟ್ ಸೋರುತ್ತದೆ ಎಂಬುದು ಮರದ, ಗಟ್ಟಿ ರಬ್ಬರಿನ ಪೆಟ್ಟಿಗೆಗಳ ಕಾಲದ ಮಾತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೊಂದುವುದಿಲ್ಲ. ಹಾಗಂತ ಗೋಕಾಕದಲ್ಲಿ ನೆಲದ ಮೇಲೆ ಇಡಿ ಎನ್ನಲಾರೆ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಿದ್ದನ್ನು ಯಾರೂ ಮರೆತಿಲ್ಲ. ಗಾಳಿಯಾಡುವ ಎತ್ತರದ ಜಾಗದಲ್ಲಿಡಿ, ದೇವರ ದೀಪದಿಂದ ದೂರ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ನಿಗೆ ಬೆಂಕಿ ಸೋಕಬಾರದು.

ಲಿಥಿಯಂ ಬೇಗ ತುಂಬುತ್ತದೆ, ಅರೆತುಂಬಿದ್ದರೂ ಕೆಡುವುದಿಲ್ಲ, ತೋಟದ ಮನೆಗೆ ಹೊಂದುವಂಥದ್ದೇ. ಆದರೆ ಹಳೆ ಇನ್ವರ್ಟರಿಗೆ ಹಾಗೇ ಜೋಡಿಸುವಂತಿಲ್ಲ. ಯಂತ್ರದಲ್ಲಿ ಲಿಥಿಯಂ ಚಾರ್ಜಿಂಗ್ ಇರಲೇಬೇಕು.

ಅಂಗಡಿಯಲ್ಲಿ '36+24' ಎಂದು ಬರೆದಿದ್ದರೆ ಐದು ವರ್ಷ ಪುಕ್ಕಟೆ ಬದಲಾವಣೆ ಎಂದುಕೊಳ್ಳಬೇಡಿ. ಕೊನೆಯ 24 ತಿಂಗಳಿಗೆ ಸಿಗುವುದು ಸಾಮಾನ್ಯವಾಗಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ. ತಯಾರಾದ ತಿಂಗಳನ್ನೂ ನೋಡಿ, ಕಪಾಟಿನಲ್ಲಿ ಕೂತ ಬ್ಯಾಟರಿಯೂ ಸವೆಯುತ್ತದೆ. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಳೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಗುಜರಿಯವನಿಗೆ ಹೊರಲು ಹಗುರಾಗಲೆಂದು ಆಸಿಡ್ಡನ್ನು ಹಿತ್ತಲಿಗೆ ಚೆಲ್ಲಿದರೆ ಸೀಸವೂ ಅದರ ಜೊತೆ ಮಣ್ಣಿಗೆ ಇಳಿಯುತ್ತದೆ.