ಸಂಚಕಾರದಿಂದ ಖರೀದಿ ಪತ್ರದವರೆಗೆ

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂಬುದು ಹಿರಿಯರ ಮಾತು. ‘ಮನೆ ಮಾರಿ ನೋಡು’ ಎಂದು ಅದಕ್ಕೆ ಸೇರಿಸಬೇಕೆಂದು ನನಗೆ ಕಳೆದ ವರ್ಷ ತೋರಿತು. ಅಜ್ಜ ಸ್ವಂತ ದುಡಿಮೆಯಿಂದ ರಾಯಬಾಗದಲ್ಲಿ ಕಟ್ಟಿಸಿದ್ದ ಮನೆಯನ್ನು ಮಾರಲು ಅಪ್ಪನೂ ಕಾಕಾನೂ ಸಂಚಕಾರ ಪಡೆದು ಕರಾರಿಗೆ ಸಹಿ ಮಾಡಿದರು. ‘ಮನೆ ಹೋಯಿತು’ ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಆದರೆ ಮನೆ ಹೋಗಿರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯದೆಯ 54ನೆಯ ಕಲಮಿನಂತೆ ಬರಿಯ ಕರಾರಿನಿಂದ ಒಡೆತನ ಬಾರದು. ನೋಂದಾಯಿತ ಖರೀದಿ ಪತ್ರವೇ ಬೇಕು. ನಡುವಿನ ದಿನಗಳು ಕಾಗದಪತ್ರಗಳನ್ನು ಪರೀಕ್ಷಿಸುವುದಕ್ಕಾಗಿ ಇರತಕ್ಕವು.

ಕೊಳ್ಳುವವರು ಉತಾರ ತೆಗೆಸಿದರು. ಅದರಲ್ಲಿ ಇನ್ನೂ ಅಜ್ಜನ ಹೆಸರೇ! ಅಜ್ಜ ಮೃತ್ಯುಪತ್ರ ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯಂತೆ ಹೆಂಡತಿಯೂ, ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಪಾಲಿನ ವಾರಸುದಾರರು. ಅಜ್ಜಿಯನ್ನಾಗಲಿ ನಿಪ್ಪಾಣಿಯ ಅತ್ತೆಯನ್ನಾಗಲಿ ಯಾರೂ ಕೇಳಿರಲಿಲ್ಲ. ಅಪ್ಪ ತಲೆತಗ್ಗಿಸಿ ಇಬ್ಬರನ್ನೂ ಕೇಳಿದರು. ಅವರು ಒಪ್ಪಿದ ಮೇಲೆ ವಾರಸಾ ದಾಖಲಾಯಿತು.

ಮುಂದೆ ಸಾಲದ ಬೋಜಾ ಇಲ್ಲವೆಂದು ತಿಳಿಯಲು ಋಣಭಾರ ಪತ್ರ ತೆಗೆಸಿದರು. ಮನೆಪಟ್ಟಿಯ ಬಾಕಿ ತುಂಬಿದೆವು. ಅವರು ಮುದ್ರಾಂಕ ಶುಲ್ಕ ಕಟ್ಟಿದರು. ಖರೀದಿ ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ನಾವು ಅದೇ ದಿನ ಹಾಜರುಪಡಿಸಿದೆವು. ಸಬ್ ರಜಿಸ್ಟ್ರಾರರ ಎದುರಿಗೆ ಎಲ್ಲರೂ ಒಪ್ಪಿಗೆ ನುಡಿದು ಹೆಬ್ಬೆರಳು ಒತ್ತಿದರು. ಉಳಿದ ಹಣ ಬಂದಿತು, ಕೀಲಿಕೈ ಕೊಟ್ಟೆವು.

‘ಈಗ ಮನೆ ಹೋಯಿತು, ಆದರೆ ನನ್ನನ್ನು ಕೇಳಿ ಹೋಯಿತು’ ಎಂದಳು ಅಜ್ಜಿ.

ಮಿತ್ರರೇ, ನಾಳೆ ನಿಮ್ಮ ಮನೆಯಲ್ಲಿಯೂ ಇಂಥ ಪ್ರಸಂಗ ಬಂದೀತು. ಸಂಚಕಾರ ಹಿಡಿಯುವ ಮೊದಲು ಉತಾರ ನೋಡಿರಿ. ಅದಕ್ಕೂ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ.