ಕಡಲಾಚೆಯ ಕಡಲತೀರಕ್ಕೆ: ಮಿತವ್ಯಯದ ಕುಟುಂಬ ಪ್ರವಾಸ

ಮಲೆನಾಡಿನ ಸೆರಗಿನಲ್ಲಿರುವ ಶಿಕಾರಿಪುರ, ಸೊರಬ ಸೀಮೆಯ ಮನೆತನಗಳಿಗೆ ಯಾತ್ರೆಯೆಂಬುದು ಹೊಸದೇನಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವೇ. ಈ ನೆಲದಿಂದ ಹೊರಟ ಆ ಮಹನೀಯರು ಕಲ್ಯಾಣವನ್ನು ಕಂಡು ಶ್ರೀಶೈಲದವರೆಗೆ ನಡೆದವರು. ನಮ್ಮ ಹಿರಿಯರೂ ಉಳವಿ, ಕೂಡಲಸಂಗಮ, ಶ್ರೀಶೈಲಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಬಂದವರೇ. ಆದರೆ ಈಗ ಮನೆಯ ಮಕ್ಕಳು ಮತ್ತೊಂದು ಬೇಡಿಕೆಯನ್ನು ಮುಂದಿಡುತ್ತಿದ್ದಾರೆ: ಒಮ್ಮೆ ವಿಮಾನವೇರಬೇಕು, ಪರದೇಶದ ಕಡಲ ದಂಡೆಯಲ್ಲಿ ನಾಲ್ಕು ದಿನ ಇರಬೇಕು. ಈ ಮಾತು ಬಂದೊಡನೆ ಮನೆಯ ಯಜಮಾನರಿಗೆ ಹಣದ ಚಿಂತೆ, ಅಜ್ಜಿಗೆ ಊಟ ಮತ್ತು ಪೂಜೆಯ ಚಿಂತೆ. ಎರಡೂ ಸಕಾರಣವಾದವು. ಆದರೆ ಕ್ರಮವರಿತು ಯೋಜಿಸಿದರೆ ಸಾಲದ ಹೊರೆಯಿಲ್ಲದೆ, ಆಚಾರಕ್ಕೆ ಕುಂದಿಲ್ಲದೆ ಈ ಪ್ರವಾಸವನ್ನು ಪೂರೈಸಬಹುದು.

‘ಎಲ್ಲವೂ ಸೇರಿ’ ಎಂದರೇನು?

ಪ್ರವಾಸ ಸಂಸ್ಥೆಗಳ ಜಾಹೀರಾತುಗಳಲ್ಲಿ ‘ಆಲ್ ಇನ್‌ಕ್ಲೂಸಿವ್’ ಎಂಬ ಮಾತು ಕಾಣಸಿಗುತ್ತದೆ. ಕೋಣೆ, ಮೂರು ಹೊತ್ತಿನ ಊಟ, ತಿಂಡಿ, ಪಾನೀಯ, ಆಟೋಟ ಎಲ್ಲಕ್ಕೂ ಸೇರಿ ಒಂದೇ ಮೊತ್ತವನ್ನು ಮುಂಗಡವಾಗಿ ಪಡೆಯುವ ವ್ಯವಸ್ಥೆಯಿದು. 1950ರಲ್ಲಿ ಬೆಲ್ಜಿಯಂ ದೇಶದ ಜೆರಾರ್ಡ್ ಬ್ಲಿಟ್ಜ್ ಎಂಬವರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಆರಂಭಿಸಿದ ‘ಕ್ಲಬ್ ಮೆಡ್’ ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿತು. ಮಧ್ಯಮ ವರ್ಗದವರೂ ಖರ್ಚಿನ ಅಂದಾಜನ್ನು ಮೊದಲೇ ತಿಳಿದು ನಿಶ್ಚಿಂತರಾಗಿರಲೆಂಬುದೇ ಅದರ ಹಿಂದಿನ ತತ್ತ್ವ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಮೊತ್ತದಲ್ಲಿ ಮದ್ಯದ ಬೆಲೆಯೂ ಮಾಂಸಾಹಾರದ ಬೆಲೆಯೂ ಅಡಗಿರುತ್ತವೆ. ಇವೆರಡನ್ನೂ ಮುಟ್ಟದ ಕುಟುಂಬವು ತಾನು ಸೇವಿಸದ ವಸ್ತುವಿಗೆ ಬೆಲೆ ತೆತ್ತಂತಾಗುತ್ತದೆ. ಆದ್ದರಿಂದ ನಮ್ಮವರು ‘ಹಾಫ್ ಬೋರ್ಡ್’, ಅಂದರೆ ಬೆಳಗಿನ ಉಪಾಹಾರ ಹಾಗೂ ರಾತ್ರಿಯೂಟ ಸೇರಿದ ದರ, ಅಥವಾ ‘ಫುಲ್ ಬೋರ್ಡ್’, ಅಂದರೆ ಮೂರು ಹೊತ್ತಿನ ಊಟ ಸೇರಿದ ದರವನ್ನು ಕೇಳುವುದು ಲೇಸು. ಒಂದೇ ಹೋಟೆಲಿನ ಈ ಮೂರು ದರಗಳನ್ನೂ ಬರೆಸಿಕೊಂಡು ಹೋಲಿಸಿ ನೋಡಿದರೆ ವ್ಯತ್ಯಾಸವು ತಾನಾಗಿಯೇ ತಿಳಿಯುತ್ತದೆ. ಸುತ್ತಮುತ್ತ ಶಾಕಾಹಾರದ ಊಟದ ಮನೆಗಳಿಲ್ಲದ ಕಡೆ ಫುಲ್ ಬೋರ್ಡ್ ಒಳಿತು. ಇದ್ದ ಕಡೆ ಹಾಫ್ ಬೋರ್ಡ್ ಸಾಕು.

ಯಾವ ನಾಡು, ಯಾವ ತಿಂಗಳು?

ಮೊದಲ ಬಾರಿಗೆ ಹೊರಡುವವರಿಗೆ ನೆರೆಯ ಶ್ರೀಲಂಕಾ ಅನುಕೂಲಕರ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಗಡಿಯಾರವನ್ನೂ ತಿರುಗಿಸಬೇಕಿಲ್ಲ, ಅಲ್ಲಿನ ಸಮಯವೂ ನಮ್ಮದೂ ಒಂದೇ. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಆ ದೇಶ ಬಹಳ ಬವಣೆಪಟ್ಟಿತು. ಬಳಿಕ ಚೇತರಿಸಿಕೊಂಡು ಪ್ರವಾಸಿಗರನ್ನು ಆದರದಿಂದ ಬರಮಾಡಿಕೊಳ್ಳುತ್ತಿದೆ.

ತಿಂಗಳ ಆಯ್ಕೆಯಲ್ಲಿಯೇ ಪ್ರವಾಸದ ಸುಖದುಃಖಗಳು ಅಡಗಿವೆ. ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವ ಬೆಂಟೋಟ, ಹಿಕ್ಕಡುವ, ಉನವಟುನ ಮೊದಲಾದ ತೀರಗಳು ನೈಋತ್ಯ ದಿಕ್ಕಿನಲ್ಲಿವೆ. ಅಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಡಲು ಶಾಂತ. ಆದರೆ ನಮ್ಮ ಭಾಗದಲ್ಲಿ ಆ ತಿಂಗಳುಗಳು ಅಡಿಕೆ ಕೊಯ್ಲಿನ ಕಾಲ. ಮಕ್ಕಳಿಗೆ ಶಾಲೆಯೂ ಪರೀಕ್ಷೆಯೂ ಇರುತ್ತವೆ. ಏಪ್ರಿಲ್ ಮಧ್ಯದಿಂದ ಮೇ ಅಂತ್ಯದವರೆಗೆ ಮಾತ್ರ ರೈತನಿಗೂ ವಿದ್ಯಾರ್ಥಿಗೂ ಒಟ್ಟಿಗೆ ಬಿಡುವು ದೊರೆಯುವುದು. ಮೇ ತಿಂಗಳಲ್ಲಿ ನೈಋತ್ಯ ತೀರಕ್ಕೆ ಮುಂಗಾರು ಬಂದು ಅಲೆಗಳು ಉಗ್ರವಾಗುತ್ತವೆ. ಆಗ ಬಾಗಿಲು ತೆರೆಯುವುದು ಪೂರ್ವ ತೀರ. ತ್ರಿಂಕೋಮಲಿಯ ಬಳಿಯ ನಿಲಾವೆಳಿ, ಮಟ್ಟಕಳಪ್ಪಿನ ಉತ್ತರಕ್ಕಿರುವ ಪಾಸಿಕುಡ ಇವೆರಡೂ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ತಿಳಿಯಾಗಿರುತ್ತವೆ. ಪಾಸಿಕುಡದಲ್ಲಂತೂ ದಡದಿಂದ ಬಹುದೂರದವರೆಗೆ ನೀರು ಆಳವಿಲ್ಲ; ಈಜು ಬಾರದ ಮಕ್ಕಳಿರುವ ಕುಟುಂಬಕ್ಕೆ ತಕ್ಕ ಸ್ಥಳ. ಏಪ್ರಿಲ್ 13, 14ರ ಆಸುಪಾಸಿನಲ್ಲಿ ಮಾತ್ರ ಅಲ್ಲಿನ ಹೊಸವರ್ಷದ ಹಬ್ಬವಿದ್ದು ಅಂಗಡಿಗಳು ಮುಚ್ಚಿರುತ್ತವೆ, ವಾಹನಗಳು ತುಂಬಿರುತ್ತವೆ. ಆ ವಾರವನ್ನು ಬಿಡುವುದು ಕ್ಷೇಮ.

ಪೂರ್ವ ತೀರಕ್ಕೆ ಒಂದು ಕೊರತೆಯೂ ಉಂಟು. ಕೊಲಂಬೊ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಐದಾರು ಗಂಟೆಗಳ ಹಾದಿ. ವೃದ್ಧರಿದ್ದರೆ ಮೊದಲ ರಾತ್ರಿ ನಿಲ್ದಾಣದ ಸಮೀಪದ ನೆಗೊಂಬೊದಲ್ಲಿ ತಂಗಿ, ಮರುದಿನ ಪೊಲೊನ್ನರುವ ಮಾರ್ಗವಾಗಿ ಪಾಸಿಕುಡಕ್ಕೆ ಹೋಗಬಹುದು. ಪೊಲೊನ್ನರುವದಲ್ಲಿ ಚೋಳರ ಕಾಲದ, 11ನೆಯ ಶತಮಾನದ ಕಲ್ಲಿನ ಶಿವಾಲಯವೊಂದು ಇಂದಿಗೂ ನಿಂತಿದೆ. ಬಳ್ಳಿಗಾವಿಯ ಕೇದಾರೇಶ್ವರನನ್ನು ಕಂಡ ಕಣ್ಣಿಗೆ ಅದು ಬಂಧುವಿನಂತೆ ತೋರೀತು. ತ್ರಿಂಕೋಮಲಿಯ ಕಡೆ ಹೋಗುವವರಿಗೆ ಕಡಿದಾದ ಬಂಡೆಯ ಮೇಲೆ ಕಡಲಿಗೆ ಮುಖವಾಗಿರುವ ಕೋಣೇಶ್ವರ ದೇವಾಲಯದ ದರ್ಶನ ಲಭಿಸುತ್ತದೆ.

ಹಣದ ಲೆಕ್ಕ

ಸಾಲ ಮಾಡಿ ವಿಹಾರಕ್ಕೆ ಹೋಗುವುದು ಬೇಡ. ನಾಲ್ಕು ದಿನದ ಸಂತಸಕ್ಕೆ ನಾಲ್ಕು ವರ್ಷದ ಕಂತು ಕಟ್ಟುವುದು ಸಂಸಾರಿಗೆ ತಕ್ಕುದಲ್ಲ. ಪ್ರವಾಸದ ಅಂದಾಜು 1,80,000 ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ 10,000 ರೂಪಾಯಿಯಂತೆ 18 ತಿಂಗಳು ಬ್ಯಾಂಕಿನ ಆವರ್ತಕ ಠೇವಣಿಯಲ್ಲಿ ಕೂಡಿಡಬೇಕು. ಅಡಿಕೆಯ ಆದಾಯವುಳ್ಳವರು ಫಸಲು ಮಾರಿದ ಕೂಡಲೇ ಒಂದು ಪಾಲನ್ನು ಪ್ರತ್ಯೇಕಿಸಿಡಬಹುದು. ಕೂಡಿದಷ್ಟರಲ್ಲಿಯೇ ದಿನಗಳನ್ನು ನಿಗದಿಪಡಿಸಬೇಕೇ ಹೊರತು, ದಿನಗಳನ್ನು ನಿಗದಿಪಡಿಸಿ ಹಣ ಹುಡುಕಬಾರದು.

ಪ್ಯಾಕೇಜಿನ ಹೊರಗೆ ಉಳಿಯುವ ಖರ್ಚುಗಳನ್ನು ಮರೆಯುವವರೇ ಹೆಚ್ಚು. ಪಾಸ್‌ಪೋರ್ಟ್, ಪ್ರವೇಶಾನುಮತಿ, ಬೆಂಗಳೂರಿಗೆ ಹೋಗಿಬರುವ ಖರ್ಚು, ಅಲ್ಲಿನ ವಾಹನ, ಪ್ರವಾಸ ವಿಮೆ ಇವೆಲ್ಲವನ್ನೂ ಪಟ್ಟಿ ಮಾಡಿರಿ. ಸೊರಬದವರಿಗೆ ಸಾಗರದಿಂದಲೂ, ಶಿಕಾರಿಪುರದವರಿಗೆ ಶಿವಮೊಗ್ಗದಿಂದಲೂ ಬೆಂಗಳೂರಿಗೆ ರೈಲಿದೆ. 2023ರಲ್ಲಿ ಆರಂಭವಾದ ಶಿವಮೊಗ್ಗದ ವಿಮಾನ ನಿಲ್ದಾಣವಿದ್ದರೂ, ಕುಟುಂಬವಿಡೀ ಹೋಗುವಾಗ ರೈಲೇ ಅಗ್ಗ. ಭಾರತದಲ್ಲಿ ವಿದೇಶಿ ಪ್ರವಾಸದ ಪ್ಯಾಕೇಜನ್ನು ಕೊಂಡಾಗ ‘ಟಿಸಿಎಸ್’ ಎಂಬ ತೆರಿಗೆಯನ್ನು ಮುಂಗಡವಾಗಿ ಕಡಿಯುತ್ತಾರೆ. ಇದು ನಷ್ಟವಲ್ಲ, ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಇಲ್ಲವೇ ಮರಳಿ ಪಡೆಯಬಹುದು. ರಸೀದಿಯನ್ನು ಜೋಪಾನವಾಗಿಡಬೇಕು.

ಹಣ ಕಟ್ಟುವ ಮುನ್ನ ಹೋಟೆಲಿನ ಹೆಸರು, ಊಟದ ವಿವರ, ರದ್ದತಿಯ ನಿಯಮ ಇವನ್ನು ಬರಹದಲ್ಲಿ ಪಡೆಯಿರಿ. ‘ಅದಕ್ಕೆ ಸಮಾನವಾದ ಹೋಟೆಲ್’ ಎಂಬ ಒಕ್ಕಣೆಯಿದ್ದರೆ ಯಾವುದೆಂದು ಕೇಳಿರಿ. ನಗದು ಕೊಟ್ಟು ಬಿಳಿ ಚೀಟಿ ಪಡೆಯುವುದು ಸರ್ವಥಾ ಸಲ್ಲದು.

ಕಾಗದಪತ್ರ

ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ, ಅವಧಿ 10 ವರ್ಷ. ಚಿಕ್ಕ ಮಕ್ಕಳಿಗೆ 1,000 ರೂಪಾಯಿ. ಅವಧಿ 5 ವರ್ಷ. 60 ವರ್ಷ ಮೀರಿದವರಿಗೂ ಎಂಟು ವರ್ಷದೊಳಗಿನವರಿಗೂ ಹೊಸ ಅರ್ಜಿಯಲ್ಲಿ ಶೇಕಡಾ 10ರ ರಿಯಾಯಿತಿಯಿದೆ. ಆಧಾರ್, ಪ್ಯಾನ್, ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ತವರಿನ ದಾಖಲೆಯಲ್ಲೊಂದು, ಗಂಡನ ಮನೆಯ ದಾಖಲೆಯಲ್ಲೊಂದು ಇರುವುದು ಸಾಮಾನ್ಯ. ಇದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನದ ಪುರಾವೆ. ಪ್ರವಾಸದ ದಿನಕ್ಕೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಲಿ. ಶ್ರೀಲಂಕಾದ ಪ್ರವೇಶಾನುಮತಿಯ ನಿಯಮ, ಶುಲ್ಕಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನವೇ ಆ ಸರ್ಕಾರದ ಅಧಿಕೃತ ತಾಣದಲ್ಲಿ ನೋಡಿಕೊಳ್ಳತಕ್ಕದ್ದು.

ಊಟ ಮತ್ತು ಪೂಜೆ

ಲಂಕೆಯ ಊಟ ನಮಗೆ ಅಪರಿಚಿತವಲ್ಲ. ಅನ್ನ, ತೆಂಗಿನ ಹಾಲಿನ ಬೇಳೆ, ಒತ್ತುಶ್ಯಾವಿಗೆಯನ್ನು ಹೋಲುವ ಇಡಿಯಾಪ್ಪ, ಅಪ್ಪ ಎಲ್ಲೆಡೆ ದೊರೆಯುತ್ತವೆ. ಆದರೆ ಎಚ್ಚರ ಬೇಕಾದದ್ದು ಕಾಯಿಚಟ್ನಿಯಂತೆ ಕಾಣುವ ‘ಪೊಲ್ ಸಂಬೋಲ’ದಲ್ಲಿ ಹಾಗೂ ತರಕಾರಿ ಪಲ್ಯಗಳಲ್ಲಿ. ರುಚಿಗಾಗಿ ಒಣಮೀನಿನ ಪುಡಿಯನ್ನು ಬೆರೆಸುವ ರೂಢಿ ಅಲ್ಲಿದೆ. ಅದನ್ನು ಅವರು ಮಾಂಸಾಹಾರವೆಂದು ಎಣಿಸದೆಯೂ ಇರಬಹುದು. ಆದ್ದರಿಂದ ‘ಶಾಕಾಹಾರ’ವೆಂದಷ್ಟೇ ಹೇಳದೆ, ಒಣಮೀನೂ ಬೇಡವೆಂದು ಬಿಡಿಸಿ ಹೇಳಬೇಕು. ಸಿಂಹಳದಲ್ಲಿ ‘ಮಸ್’ ಎಂದರೆ ಮಾಂಸ, ‘ಮಾಳು’ ಎಂದರೆ ಮೀನು, ‘ಎಪಾ’ ಎಂದರೆ ಬೇಡ. ಪೂರ್ವ ತೀರದಲ್ಲಿ ತಮಿಳು ಬಲ್ಲವರು ಬಹಳ. ತಮಿಳಿನಲ್ಲಿ ‘ಸೈವಂ’ ಎಂದರೆ ಶಾಕಾಹಾರವೆಂದೇ ಅರ್ಥ. ಆ ಒಂದು ಮಾತು ಅಡುಗೆಯವನಿಗೆ ಸಾಕು. ಕೋಣೆ ಕಾದಿರಿಸುವಾಗಲೇ ಇದನ್ನು ಬರೆದು ತಿಳಿಸಿದ್ದರೆ ಇನ್ನೂ ಒಳಿತು.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಗಳನ್ನು ಒಯ್ಯಬಹುದು. ಉಪ್ಪಿನಕಾಯಿ, ತುಪ್ಪಗಳನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಡಿ. ಎಣ್ಣೆಯಂಶದಿಂದ ಬೆಂಕಿಯ ಭಯವಿರುವುದರಿಂದ ಒಣಕೊಬ್ಬರಿಯನ್ನು ಆ ಪೆಟ್ಟಿಗೆಯಲ್ಲಿಡಲು ಅವಕಾಶವಿಲ್ಲ.

ಇಷ್ಟಲಿಂಗ, ವಿಭೂತಿಗಳು ದೊಡ್ಡ ಪೆಟ್ಟಿಗೆಗೆ ಸೇರದೆ ಸದಾ ನಮ್ಮೊಂದಿಗಿರಬೇಕು. ಬೆಳ್ಳಿಯ ಕರಡಿಗೆಯನ್ನು ಧರಿಸಿದವರು ತಪಾಸಣೆಯ ಬಾಗಿಲಿಗೆ ಹೋಗುವ ಮೊದಲೇ ಅಧಿಕಾರಿಗೆ ಅದು ಪೂಜಾವಸ್ತುವೆಂದು ವಿನಯದಿಂದ ತಿಳಿಸಿದರೆ ಗೊಂದಲ ತಪ್ಪುತ್ತದೆ. ಪೂಜೆಗೆ ಬೆಳಗಿನ ಶಾಂತ ಹೊತ್ತು, ಶುದ್ಧ ನೀರು, ಒಂದು ಮೂಲೆ ಸಾಕು. ಕೋಣೆಯಲ್ಲಿ ಧೂಪ, ಕರ್ಪೂರ ಹಚ್ಚಿದರೆ ಹೊಗೆಯ ಎಚ್ಚರಿಕೆ ಗಂಟೆ ಮೊಳಗುವುದರಿಂದ ಅದನ್ನು ಬಿಡುವುದು ಯುಕ್ತ.

ಕಡಲಿನ ಮರ್ಯಾದೆ

ಕೆರೆ, ಹೊಳೆಯಲ್ಲಿ ಈಜಿದವರೂ ಕಡಲನ್ನು ಹಗುರವಾಗಿ ಎಣಿಸಬಾರದು. ಕೆಂಪು ಬಾವುಟವಿದ್ದ ಕಡೆ ನೀರಿಗಿಳಿಯಬಾರದು. ಒಳಸೆಳೆತಕ್ಕೆ ಸಿಲುಕಿದವನು ದಡದತ್ತ ನೇರವಾಗಿ ಹೋರಾಡದೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಕಡಲು ಹಠಾತ್ತನೆ ಹಿಂದೆ ಸರಿದರೆ ಕೌತುಕದಿಂದ ನೋಡುತ್ತ ನಿಲ್ಲದೆ ಎತ್ತರದ ಜಾಗಕ್ಕೆ ಓಡಬೇಕು. 2004ರ ಡಿಸೆಂಬರ್ 26ರ ಸುನಾಮಿಯು ಇದೇ ಪೂರ್ವ ತೀರಕ್ಕೆ ಕಲಿಸಿದ ಪಾಠವಿದು.

ಮನೆಯವರು ಇದಕ್ಕೆಲ್ಲ ಸಿದ್ಧರೇ ಎಂದು ಅರಿಯಲು ಒಂದು ಸುಲಭೋಪಾಯವಿದೆ. ಮೊದಲೊಮ್ಮೆ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರಕ್ಕೆ ಹೋಗಿ ಒಂದು ರಾತ್ರಿ ತಂಗಿರಿ. ಅಲ್ಲಿನ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಅಜ್ಜಿಯ ಮೊಣಕಾಲು ಮರಳಿನಲ್ಲಿ ನಡೆಯಬಲ್ಲುದೇ, ಮಗು ಅಲೆಗೆ ಅಂಜುವುದೇ, ಬಿಸಿಲು ಯಾರಿಗೆ ಒಗ್ಗದು ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಅಲ್ಲಿಗೇ ತೃಪ್ತಿಯಾದರೆ ಹಣವೂ ಉಳಿಯಿತು.

ದುಡಿದು ಗಳಿಸಿದ್ದರಲ್ಲಿ ದಾಸೋಹಕ್ಕೊಂದು ಪಾಲು, ಮಕ್ಕಳ ವಿದ್ಯೆಗೊಂದು ಪಾಲು ತೆಗೆದಿಟ್ಟ ಮೇಲೆ, ಮನೆಮಂದಿಯೆಲ್ಲ ಒಂದೆಡೆ ಕುಳಿತು ನಗುವ ನಾಲ್ಕು ದಿನಗಳಿಗೂ ಒಂದು ಪಾಲಿರುವುದು ತಪ್ಪಲ್ಲ. ವರ್ಷವೆಲ್ಲ ತೋಟ, ಗದ್ದೆ, ಅಂಗಡಿ, ಕಚೇರಿಗಳಲ್ಲಿ ಮುಳುಗಿದ ತಂದೆಯೊಡನೆ ಮಕ್ಕಳು ಕಳೆಯುವ ಹೊತ್ತು ಕಡಿಮೆ. ಒಲೆಯ ಮುಂದಿನಿಂದ ಮನೆಯೊಡತಿಗೆ ಬಿಡುವು ಸಿಗುವುದು ಇನ್ನೂ ಕಡಿಮೆ. ಬೇರೊಬ್ಬರು ಬಡಿಸಿದ ಊಟವನ್ನು ಆಕೆಯೂ ಎಲ್ಲರೊಡನೆ ಕುಳಿತು ಉಣ್ಣುವಂತಾದರೆ, ಆ ಪ್ರವಾಸಕ್ಕೆ ಕೊಟ್ಟ ಹಣ ಸಾರ್ಥಕ.